ಲಾರಿಗೆ ಪರ್ಮಿಟ್ ಇದೆ, ರಸ್ತೆಯನ್ನು ಕೇಳಿದವರು ಯಾರು?

ಹೊಳವನಹಳ್ಳಿ ಹೋಬಳಿಯಲ್ಲಾಗಲಿ, ಮಧುಗಿರಿ, ಶಿರಾ ಕಡೆಯಲ್ಲಾಗಲಿ, ಜಲ್ಲಿ ಕ್ರಷರ್‌ನಿಂದ ಬರುವ ಯಾವುದಾದರೂ ದಾರಿಯಲ್ಲಿ ಒಂದು ಗಳಿಗೆ ನಿಂತು ನೋಡಿ. ರಸ್ತೆಯ ಒಂದು ಮಗ್ಗುಲಲ್ಲಿ ಗಾಲಿಗಳ ಎರಡು ಜಾಡು ಇಳಿದಿರುತ್ತವೆ. ಮಳೆ ಬಂದರೆ ನೀರು ಅಲ್ಲೇ ನಿಲ್ಲುತ್ತದೆ. ಅಂಚಿನ ಡಾಂಬರು ಹೊರಕ್ಕೆ ಉಬ್ಬಿ, ನಡುವೆ ಸಣ್ಣ ಸಣ್ಣ ಚೌಕದ ಬಿರುಕು ಬಿಟ್ಟಿರುತ್ತದೆ. ಇನ್ನೊಂದು ಮಗ್ಗುಲು ಮಾತ್ರ ಇನ್ನೂ ಒಂದೆರಡು ವರ್ಷ ತಡೆಯುವಂತಿರುತ್ತದೆ. ಅದೇ ಟಿಪ್ಪರ್, ಅದೇ ಡ್ರೈವರ್, ಅವೇ ಟೈರುಗಳು. ಹೋಗುವಾಗ ತುಂಬಿಕೊಂಡು ಹೋಗುತ್ತದೆ, ಬರುವಾಗ ಖಾಲಿ ಬರುತ್ತದೆ. ವ್ಯತ್ಯಾಸ ಅಷ್ಟೇ.

ಜಯಮಂಗಲಿ ನದಿಯ ಮರಳು ಲಾರಿ ಹತ್ತುತ್ತಿದ್ದ ಕಾಲದಿಂದಲೂ ಈ ಸೀಮೆಯವರಿಗೆ ಇದು ಹೊಸ ನೋಟವಲ್ಲ. ತೂಕ ಇಮ್ಮಡಿಯಾದರೆ ರಸ್ತೆಗೆ ಆಗುವ ಪೆಟ್ಟೂ ಇಮ್ಮಡಿ ಎಂದು ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಅದು ಹದಿನಾರು ಪಟ್ಟಾಗುತ್ತದೆ.

ಈ ಲೆಕ್ಕ ಹುಟ್ಟಿದ್ದು ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಎಂಬ ಊರಿನ ಬಳಿ. ಅಲ್ಲಿ ಪರೀಕ್ಷೆಗೆಂದೇ ಬೇರೆ ಬೇರೆ ದಪ್ಪದ ರಸ್ತೆಗಳನ್ನು ಹಾಕಿ, 1958ರಿಂದ 1960ರವರೆಗೆ ಸೈನ್ಯದ ಚಾಲಕರಿಂದ ಲಾರಿಗಳನ್ನು ಓಡಿಸಿದರು. ಎಷ್ಟು ಭಾರ ಎಷ್ಟು ಸಲ ಹಾದರೆ ರಸ್ತೆ ಹಾಳಾಗುತ್ತದೆ ಎಂದು ಬರೆದಿಟ್ಟರು. ಒಂದು ಆಕ್ಸಲ್ ರಸ್ತೆಗೆ ಮಾಡುವ ಹಾನಿ ಅದರ ಭಾರದ ನಾಲ್ಕನೇ ಘಾತದಂತೆ ಏರುತ್ತದೆ ಎಂಬುದು ಅದರಿಂದ ಹೊರಟ ನಿಯಮ. ಇದು ಅಂದಾಜಿನ ನಿಯಮವೇ ಹೌದು. ಮಣ್ಣು, ಬಿಸಿಲು, ಡಾಂಬರಿನ ದಪ್ಪ ನೋಡಿಕೊಂಡು ಕೊಂಚ ಆಚೀಚೆ ಆಗುತ್ತದೆ. ಆದರೂ ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ ರಸ್ತೆಯ ದಪ್ಪ ನಿಗದಿ ಮಾಡುವಾಗ ವಾಹನಗಳನ್ನು ಎಣಿಸುವುದು ಇದೇ ಅಳತೆಯಲ್ಲಿ. ಅದರ ಮಾನಕ ಆಕ್ಸಲ್ 80 ಕಿಲೋನ್ಯೂಟನ್, ಅಂದರೆ ಸುಮಾರು 8.2 ಟನ್. ಈ ಅಳತೆ ಹಿಡಿದರೆ, 600 ಕಿಲೋ ಭಾರ ಹೊತ್ತ ಕಾರಿನ ಆಕ್ಸಲ್ ಮೂವತ್ತು ಸಾವಿರಕ್ಕೂ ಹೆಚ್ಚು ಸಲ ಓಡಾಡಿದರೆ ಮಾನಕ ಆಕ್ಸಲ್ ಒಂದು ಸಲ ಹಾದ ಸಮ. ರಸ್ತೆಯನ್ನು ಕೆಡಿಸುವವರು ಬೈಕಿನವರೂ ಅಲ್ಲ, ಕಾರಿನವರೂ ಅಲ್ಲ.

ಭಾರಿ ವಾಹನಕ್ಕೆ ಅನುಮತಿ ಸಿಗುವ ಬಗೆ ಹೇಗೆ? ಸಾಮಾನ್ಯ ಲಾರಿಯದ್ದು ಸರಳ. ಮಧುಗಿರಿ ಕಚೇರಿಯಲ್ಲಿ ಕೆಎ-64 ನಂಬರ್ ಪಡೆಯುವ ಟಿಪ್ಪರ್‌ನ ಆರ್‌ಸಿಯಲ್ಲೇ ಗರಿಷ್ಠ ತೂಕ ನಮೂದಾಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 113ನೇ ಕಲಮಿನ ಪ್ರಕಾರ ಅದನ್ನು ಮೀರಿ ಓಡಿಸುವಂತಿಲ್ಲ. ಅನುಮಾನ ಬಂದರೆ 114ನೇ ಕಲಮಿನಡಿ ಲಾರಿಯನ್ನು ವೇಬ್ರಿಡ್ಜ್‌ಗೆ ಒಯ್ದು ತೂಗಿಸಿ, ಹೆಚ್ಚುವರಿ ಮಾಲು ಇಳಿಸಬಹುದು. 2019ರ ತಿದ್ದುಪಡಿಯ ನಂತರ ಓವರ್‌ಲೋಡ್ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಇದಕ್ಕೆ ಒಂದು ವರ್ಷ ಮೊದಲು, 2018ರ ಜುಲೈನಲ್ಲಿ, ಕೇಂದ್ರ ಸರ್ಕಾರ ಆಕ್ಸಲ್ ಮಿತಿಯನ್ನೇ ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಆಯಿತು, ಜೋಡಿ ಆಕ್ಸಲ್‌ಗೆ 19 ಇದ್ದದ್ದು 21. ಭಾರ ಏರಿದ್ದು ನೂರಕ್ಕೆ ಹದಿಮೂರರಷ್ಟು ಅನ್ನಿಸುತ್ತದೆ. ನಾಲ್ಕನೇ ಘಾತದ ಲೆಕ್ಕ ಹಾಕಿದರೆ ಒಂಟಿ ಆಕ್ಸಲ್‌ನ ಪೆಟ್ಟು ನೂರಕ್ಕೆ ಅರವತ್ತರಷ್ಟು ಏರಿದೆ. ಸಾಗಣೆ ವೆಚ್ಚ ತಗ್ಗಿತು, ಸರಿ. ಆದರೆ ಹಳೆಯ ಮಿತಿ ನೋಡಿ ಕಟ್ಟಿದ ರಸ್ತೆಗಳು ರಾತ್ರೋರಾತ್ರಿ ದಪ್ಪವಾಗಲಿಲ್ಲ.

ಈಗ ಒಂದು ಹಳ್ಳಿ ರಸ್ತೆಯನ್ನು ತೆಗೆದುಕೊಳ್ಳೋಣ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಂಥ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬೇರೆಯೇ ಕೈಪಿಡಿ ಮಾಡಿದೆ. ಅದರಲ್ಲಿ ರಸ್ತೆಗಳನ್ನು ಅವು ಆಯುಷ್ಯದಲ್ಲಿ ಹೊರಬೇಕಾದ ಮಾನಕ ಆಕ್ಸಲ್‌ಗಳ ಲೆಕ್ಕದಲ್ಲಿ ವರ್ಗ ಮಾಡಿದ್ದಾರೆ. ಒಂದು ವರ್ಗಕ್ಕೆ 60 ಸಾವಿರದಿಂದ 1 ಲಕ್ಷ. ಹಾಲಿನ ವ್ಯಾನು, ಬಸ್ಸು, ಟ್ರ್ಯಾಕ್ಟರು, ಸುಗ್ಗಿಯಲ್ಲಿ ಒಂದಷ್ಟು ಲಾರಿ ಓಡಾಡುವ ಊರಿಗೆ ಇದು ಹತ್ತು ವರ್ಷಕ್ಕೆ ಸಾಕು. ಆ ದಾರಿಯಲ್ಲಿ ಒಂದು ಕ್ರಷರ್ ಶುರುವಾಗಿ ದಿನಕ್ಕೆ ನಲವತ್ತು ಲೋಡು ಹೊರಟಿತು ಎಂದಿಟ್ಟುಕೊಳ್ಳಿ. ಮುಂದೆ 7 ಟನ್, ಹಿಂದಿನ ಜೋಡಿ ಆಕ್ಸಲ್ ಮೇಲೆ 21 ಟನ್ ಹೊತ್ತ ಹತ್ತು ಚಕ್ರದ ಟಿಪ್ಪರ್ ಒಂದು ಸಲ ಹಾದರೆ ಸುಮಾರು ಐದು ಮಾನಕ ಆಕ್ಸಲ್ ಹಾದಂತೆ. ದಿನಕ್ಕೆ ಇನ್ನೂರು. ಒಂದು ಲಕ್ಷ ಮುಗಿಯಲು 500 ದಿನ ಸಾಕು. ಅದೇ ಟಿಪ್ಪರ್ ಹಿಂದೆ 30 ಟನ್, ಮುಂದೆ 8 ಟನ್ ಹೇರಿಕೊಂಡರೆ ಐದು ತಿಂಗಳು ತುಂಬುವ ಮೊದಲೇ ರಸ್ತೆಯ ಆಯುಷ್ಯ ಮುಗಿಯುತ್ತದೆ.

ಮೊದಲ ಲೆಕ್ಕವನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ಓವರ್‌ಲೋಡ್ ಇಲ್ಲ. ಆರ್‌ಸಿ ಸರಿಯಿದೆ, ಎಫ್‌ಸಿ ಇದೆ, ಕಲ್ಲಿಗೆ ಗಣಿ ಇಲಾಖೆಯ ಪರ್ಮಿಟ್ ಇದೆ. ಆದರೂ ಹತ್ತು ವರ್ಷದ ರಸ್ತೆ ಒಂದೂವರೆ ವರ್ಷದೊಳಗೆ ಹೋಯಿತು. ಕಾರಣ, ಆ ಅನುಮತಿ ಲಾರಿಯದ್ದು, ಯಾವ ರಸ್ತೆಯದ್ದೂ ಅಲ್ಲ. ಶಿರಾ ಬಳಿಯ 48ನೇ ರಾಷ್ಟ್ರೀಯ ಹೆದ್ದಾರಿಗೂ, ಮೂರೂಮುಕ್ಕಾಲು ಮೀಟರ್ ಅಗಲದ ಹಳ್ಳಿ ದಾರಿಗೂ ಅದೇ ಒಂದು ಕಾಗದ ನಡೆಯುತ್ತದೆ.

ರಸ್ತೆಯನ್ನೂ ಕೇಳಿ ಅನುಮತಿ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ ಎಂದಲ್ಲ. ದೈತ್ಯ ಗಾತ್ರದ ಸರಕಿಗೆ ಇದೆ. ಪಾವಗಡದ ತಿರುಮಣಿ, ವಳ್ಳೂರು ಸುತ್ತ 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಎದ್ದಾಗ, ಅಲ್ಲಿನ ವಿದ್ಯುತ್ತನ್ನು ಹೊರಗೆ ಕಳಿಸಲು 400 ಕಿಲೋವೋಲ್ಟ್ ಉಪಕೇಂದ್ರ ಬೇಕಾಯಿತು. ಆ ದರ್ಜೆಯ ಟ್ರಾನ್ಸ್‌ಫಾರ್ಮರ್‌ಗಳನ್ನು ಎಣ್ಣೆ ಬಸಿದು, ಒಳಗೆ ಒಣ ಗಾಳಿಯನ್ನೋ ನೈಟ್ರೋಜನ್ನನ್ನೋ ತುಂಬಿ ಸಾಗಿಸುತ್ತಾರೆ. ಹಾಗಿದ್ದೂ ನೂರು ಟನ್ನಿನ ಮೇಲೇ ತೂಗುವಂಥವು. ಇಂಥವಕ್ಕೆ ಸಾಲು ಸಾಲು ಆಕ್ಸಲ್‌ಗಳ ಹೈಡ್ರಾಲಿಕ್ ಟ್ರೈಲರ್ ಬೇಕು. ಮೊದಲು ದಾರಿ ಸರ್ವೆ: ತಿರುವು ಸಾಲುತ್ತದೆಯೇ, ವಿದ್ಯುತ್ ತಂತಿ ಎಷ್ಟು ಎತ್ತರದಲ್ಲಿದೆ, ಮೋರಿ ಯಾವ ಕಾಲದ್ದು. ಕೇಂದ್ರ ಸಾರಿಗೆ ಸಚಿವಾಲಯ 2013ರಲ್ಲಿ ತಂದ ನೀತಿಯಂತೆ, ರಾಷ್ಟ್ರೀಯ ಹೆದ್ದಾರಿಯ ಸೇತುವೆಗಳ ಮೇಲೆ ಒಟ್ಟು ತೂಕ 169 ಟನ್ ದಾಟುವ ಇಂಥ ಟ್ರೈಲರ್‌ಗೆ ವಿಶೇಷ ಅನುಮತಿ ಬೇಕು. ದಾರಿ ಯಾವುದು, ಆಕ್ಸಲ್ ನಡುವಿನ ಅಂತರ ಎಷ್ಟು ಎಂಬುದೆಲ್ಲ ಅರ್ಜಿಯಲ್ಲಿರಬೇಕು.

ಸೇತುವೆಯ ಮೇಲೇಕೆ ಇಷ್ಟು ಕಣ್ಣು? 2018ರ ಕೊನೆಯಲ್ಲಿ ತಮಿಳುನಾಡಿನ ವಂದವಾಸಿ ಬಳಿಯ ಕೊರಕೋಟೈನಿಂದ ಬೆಂಗಳೂರಿನ ಈಜಿಪುರದ ಕೋದಂಡರಾಮ ದೇವಸ್ಥಾನಕ್ಕೆ ಹೊರಟ ಏಕಶಿಲಾ ವಿಷ್ಣು ಮೂರ್ತಿಯನ್ನು ನೆನಪು ಮಾಡಿಕೊಳ್ಳಿ. ಅದು ಬಂದದ್ದು 240 ಚಕ್ರದ ವಾಹನದಲ್ಲಿ. ಎಲ್ಲ ಸೇರಿ 400 ಟನ್ ಎಂದಿಟ್ಟುಕೊಂಡರೂ ಚಕ್ರಕ್ಕೆ 1.7 ಟನ್ ಬೀಳುವುದಿಲ್ಲ. ಕಾನೂನು ಮಿತಿಯಲ್ಲೇ ಇರುವ ಲಾರಿಯ ಹಿಂದಿನ ಟೈರಿಗೆ 2.9 ಟನ್ ಬೀಳುತ್ತದೆ. ಅಂದರೆ ಒಂದೊಂದು ಚಕ್ರದ ಲೆಕ್ಕದಲ್ಲಿ ಡಾಂಬರಿಗೆ ಆ ಮೂರ್ತಿ ಸಾಮಾನ್ಯ ಲಾರಿಗಿಂತ ಹಗುರ! ಆದರೂ ಸೇತುವೆ ಬಿಟ್ಟು ಪಕ್ಕದಲ್ಲಿ ತಾತ್ಕಾಲಿಕ ಮಣ್ಣಿನ ದಾರಿ ಮಾಡಬೇಕಾಯಿತು, ಮೂರ್ತಿ ಈಜಿಪುರ ಮುಟ್ಟುವಾಗ 2019ರ ಜೂನ್. ರಸ್ತೆ ಲೆಕ್ಕ ಹಾಕುವುದು ಒಂದೊಂದು ಆಕ್ಸಲ್‌ನ ಭಾರ. ಸೇತುವೆ ಲೆಕ್ಕ ಹಾಕುವುದು ಎರಡು ಕಂಬದ ನಡುವೆ ಒಟ್ಟಿಗೆ ಎಷ್ಟು ಭಾರ ನಿಂತಿದೆ ಎಂಬುದನ್ನು. ಕಾಲುವೆಗೆ ಅಡ್ಡ ಹಾಕಿದ ತೆಂಗಿನ ದಿಮ್ಮಿಯ ಮೇಲೆ ಹತ್ತು ಜನ ಒಟ್ಟಿಗೆ ನಿಂತರೆ ಅವರ ಚಪ್ಪಲಿ ಎಷ್ಟು ಅಗಲವಿದ್ದರೇನು!

ಅದಕ್ಕೇ ಈಚಿನ ಸೇತುವೆ ಸಂಹಿತೆಯಲ್ಲಿ 385 ಟನ್ನಿನ ವಿಶೇಷ ವಾಹನವೊಂದನ್ನು ಲೆಕ್ಕಕ್ಕೆ ಸೇರಿಸಿದ್ದಾರೆ. ಅಂಥದ್ದು ದಾಟುವಾಗ ಸೇತುವೆಯ ಮೇಲೆ ಬೇರೆ ವಾಹನ ಇರಕೂಡದು, ರಸ್ತೆಯ ನಟ್ಟನಡುವೆ ಸಾಗಬೇಕು, ವೇಗ ಗಂಟೆಗೆ 5 ಕಿಲೋಮೀಟರಿಗಿಂತ ಕಡಿಮೆ ಇರಬೇಕು, ಜೋರು ಗಾಳಿ ಇರಬಾರದು.

ಒಂದು ಟ್ರಾನ್ಸ್‌ಫಾರ್ಮರ್‌ಗೆ ಇಷ್ಟೆಲ್ಲ ವಿಚಾರಣೆ, ವರ್ಷಕ್ಕೆ ಸಾವಿರಾರು ಲೋಡು ಜಲ್ಲಿಗೆ ಏನೂ ಇಲ್ಲ. ಇದು ತಲೆಕೆಳಗಾದ ವ್ಯವಸ್ಥೆ ಎಂಬುದು ನನ್ನ ಅಭಿಪ್ರಾಯ. ಆಸ್ಟ್ರೇಲಿಯಾದ ಹಲವು ರಾಜ್ಯಗಳಲ್ಲಿ 2014ರಿಂದ ಜಾರಿಯಲ್ಲಿರುವ ಭಾರಿ ವಾಹನ ಕಾನೂನಿನಡಿ, ಮಿತಿ ಮೀರಿದ ಲಾರಿಯ ಅರ್ಜಿ ರಾಷ್ಟ್ರೀಯ ನಿಯಂತ್ರಕರಿಗೆ ಹೋದರೂ ರಸ್ತೆ ಯಾರದ್ದೋ ಅವರ ಒಪ್ಪಿಗೆ ಬೇಕು. ಅಲ್ಲಿನ ಸಣ್ಣ ಪುರಸಭೆಯೂ ಕಾರಣ ಬರೆದು ಬೇಡ ಎನ್ನಬಹುದು. ನಮ್ಮಲ್ಲೂ ಕಾಯ್ದೆಯ 115ನೇ ಕಲಮು ನಿರ್ದಿಷ್ಟ ರಸ್ತೆಯಲ್ಲಿ ನಿರ್ದಿಷ್ಟ ವಾಹನವನ್ನು ತಡೆಯುವ ಅಧಿಕಾರ ಕೊಡುತ್ತದೆ. 2019ರ ಭೂಕುಸಿತದ ನಂತರ ಚಾರ್ಮಾಡಿ ಘಾಟಿಯಲ್ಲಿ ಭಾರಿ ವಾಹನ ನಿಲ್ಲಿಸಿದ್ದರಲ್ಲ. ಆದರೆ ಅದು ಗುಡ್ಡ ಜರಿದ ಮೇಲೆ.

ಕ್ರಷರ್‌ಗೆ ಅನುಮತಿ ಕೊಡುವಾಗಲೇ ಅದರ ಲೋಡು ಹೋಗುವ ದಾರಿ ಎಷ್ಟು ಆಕ್ಸಲ್ ಹೊರಬಲ್ಲದು ಎಂದು ಕೇಳಬೇಕು. ಸಾಲದಿದ್ದರೆ ದಾರಿ ದಪ್ಪ ಮಾಡಿಸುವ ಖರ್ಚು ಯಾರದ್ದು ಎಂದು ಅಲ್ಲೇ ಬರೆಯಬೇಕು. ಅಲ್ಲಿಯವರೆಗೆ ನೀವೂ ಒಂದು ಕೆಲಸ ಮಾಡಬಹುದು. ನಿಮ್ಮೂರ ರಸ್ತೆಯನ್ನು ಎಷ್ಟು ಮಾನಕ ಆಕ್ಸಲ್‌ಗೆ ವಿನ್ಯಾಸ ಮಾಡಿದ್ದಾರೆ ಎಂಬುದು ಅದರ ವಿವರವಾದ ಯೋಜನಾ ವರದಿಯಲ್ಲಿ (ಡಿಪಿಆರ್) ಇರಬೇಕು. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿಯ ಅರ್ಜಿ ಹಾಕಿ ಆ ಸಂಖ್ಯೆ ಕೇಳಿ, ಆಮೇಲೆ ಒಂದು ದಿನ ರಸ್ತೆ ಬದಿ ಕೂತು ಲೋಡು ಎಣಿಸಿ.