ಮಾಯೊನ ಹಿಂದೆ ಒಂದು ನಾಡೇ ಗುಡ್ಡ ಹತ್ತಿತ್ತು

2003ರ ಜುಲೈ 21. ಟೂರ್ ದಿ ಫ್ರಾನ್ಸ್ ಸೈಕಲ್ ಸ್ಪರ್ಧೆ. ಪಿರೆನೀಸ್ ಪರ್ವತದ ಲುಜ್ ಆರ್ಡಿಡನ್ ಏರಿನಲ್ಲಿ ಪ್ರೇಕ್ಷಕರ ಕೈಚೀಲವೊಂದು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ನ ಹ್ಯಾಂಡಲ್‌ಗೆ ಸಿಕ್ಕಿಕೊಂಡಿತು. ಆತ ದೊಪ್ಪನೆ ಬಿದ್ದ. ಬೆನ್ನಿಗೇ ಇದ್ದ ಕಿತ್ತಳೆ ಅಂಗಿಯವನೂ ಉರುಳಿದ. ಇಬ್ಬರೂ ಎದ್ದು ಮತ್ತೆ ತುಳಿದರು. ಆರ್ಮ್‌ಸ್ಟ್ರಾಂಗ್ ಗೆದ್ದ, ಕಿತ್ತಳೆ ಅಂಗಿಯವನು 40 ಸೆಕೆಂಡು ತಡವಾಗಿ ಎರಡನೆಯವನಾದ. ಆದರೆ ಗಡಿ ದಾಟಿ ಬಂದು ಗುಡ್ಡದ ಮೇಲೆ ನಿಂತಿದ್ದ ಬಾಸ್ಕ್ ಜನಕ್ಕೆ ಬೇಕಾಗಿದ್ದವನು ಈ ಎರಡನೆಯವನೇ.

ಅವನು ಇಬಾನ್ ಮಾಯೊ. 1977ರಲ್ಲಿ ಸ್ಪೇನಿನ ಬಾಸ್ಕ್ ಸೀಮೆಯ ಇಗೊರೆಯಲ್ಲಿ ಹುಟ್ಟಿದವನು. ಅವನ ತಂಡ ಯೂಸ್ಕಾಲ್ತೆಲ್. 1994ರಲ್ಲಿ ಅದು ಶುರುವಾದಾಗ ಅಭಿಮಾನಿಗಳು ಸದಸ್ಯತ್ವದ ದುಡ್ಡು ಕೊಟ್ಟಿದ್ದರು. ಯೂಸ್ಕಾಲ್ತೆಲ್ ಎಂಬ ಟೆಲಿಫೋನ್ ಕಂಪನಿ ಕೈಜೋಡಿಸಿದ್ದು ಆಮೇಲೆ. ಸವಾರರೆಲ್ಲ ಆ ನೆಲದವರು, ಇಲ್ಲವೇ ಅಲ್ಲೇ ಪಳಗಿದವರು. ಹಾಗಾಗಿ ಟೂರ್ ದಿ ಫ್ರಾನ್ಸ್ ಪಿರೆನೀಸ್‌ಗೆ ಬಂದ ದಿನ ಗುಡ್ಡಕ್ಕೆ ಗುಡ್ಡವೇ ಕಿತ್ತಳೆ ಬಣ್ಣ. ಶರಣಬಸವೇಶ್ವರ ತೇರಿನ ಮುಂದೆ ನಿಂತ ಕಲಬುರಗಿಯ ಜನರಂತೆ, ಕೊನೇ ಗಳಿಗೆಯವರೆಗೂ ದಾರಿ ಬಿಡುತ್ತಿರಲಿಲ್ಲ.

ಮಾಯೊನ ಗೆಲುವೇನು ಕಡಿಮೆಯಲ್ಲ. ಅದೇ 2003ರಲ್ಲಿ ಆಲ್ಪ್ ದ್ಯುಯೇಜ್ ಹಂತವನ್ನು ಒಬ್ಬನೇ ಮುನ್ನುಗ್ಗಿ ಗೆದ್ದ, ಟೂರ್‌ನಲ್ಲಿ ಆರನೆಯವನಾದ. ಮರುವರ್ಷ ದೋಫಿನೆ ಸ್ಪರ್ಧೆಯಲ್ಲಿ ಮೋಂ ವಾಂತೂ ಬೆಟ್ಟದ 21.5 ಕಿ.ಮೀ. ಏರನ್ನು 55 ನಿಮಿಷ 51 ಸೆಕೆಂಡಿಗೆ ಮುಗಿಸಿದ. ಅದನ್ನು ಮೀರಿಸಲು 2025ರಲ್ಲಿ ಪೊಗಾಚಾರ್ ಎಂಬ ಸವಾರ ಬರಬೇಕಾಯಿತು. ಆದರೆ 2004ರ ಟೂರ್‌ನಲ್ಲಿ ಮೂರನೇ ದಿನವೇ, ಕಲ್ಲುಹಾಸಿನ ರಸ್ತೆ ಶುರುವಾಗುವ ಮೊದಲೇ ಬಿದ್ದು ಸುಮಾರು ನಾಲ್ಕು ನಿಮಿಷ ಕಳೆದುಕೊಂಡ. ಪಿರೆನೀಸ್‌ನಲ್ಲಿ, ತನ್ನ ಜನರ ಕಣ್ಣೆದುರಿಗೇ, ಸೈಕಲ್ ಇಳಿದುಬಿಟ್ಟ. ತಂಡದವರು ಒಲಿಸಿ ಮತ್ತೆ ಹತ್ತಿಸಿದರು. ಕೆಲವೇ ದಿನಗಳಲ್ಲಿ ಸ್ಪರ್ಧೆಯನ್ನೇ ಬಿಟ್ಟ.

2007ರಲ್ಲಿ ಬೇರೆ ತಂಡಕ್ಕೆ ಹೋಗಿ ಇಟಲಿಯ ಜಿರೊ ಸ್ಪರ್ಧೆಯಲ್ಲಿ ಒಂದು ಹಂತ ಗೆದ್ದ. ಅದೇ ವರ್ಷದ ಟೂರ್‌ನಲ್ಲಿ ಇಪಿಒ ಎಂಬ ನಿಷೇಧಿತ ಮದ್ದು ತೆಗೆದುಕೊಂಡು ಸಿಕ್ಕಿಬಿದ್ದ. ಎರಡನೇ ಮಾದರಿಯ ಪರೀಕ್ಷೆ ಬಗ್ಗೆ ದೊಡ್ಡ ಜಗಳವೇ ನಡೆಯಿತು. ಕೊನೆಗೆ ಎರಡು ವರ್ಷ ನಿಷೇಧ. ಆಮೇಲೆ ವೃತ್ತಿಪರ ರಸ್ತೆಗೆ ಮರಳಲೇ ಇಲ್ಲ. ವಾಂತೂ ದಾಖಲೆಯನ್ನು ನಾನಂತೂ ಅನುಮಾನವಿಲ್ಲದೆ ಮೆಚ್ಚಲಾರೆ. ಆರ್ಮ್‌ಸ್ಟ್ರಾಂಗ್‌ನ ಏಳೂ ಟೂರ್ ಕಿರೀಟಗಳು ಮದ್ದಿನ ಕಾರಣಕ್ಕೇ 2012ರಲ್ಲಿ ಹೋದವು. ಆ ಕಾಲವೇ ಹಾಗಿತ್ತು ಎಂದು ಮಾಯೊನನ್ನು ಬಿಟ್ಟುಬಿಡುವುದೂ ಸರಿಯಲ್ಲ.

ಆದರೂ ಆ ಕಿತ್ತಳೆ ಗುಂಪು ಕರಗಲಿಲ್ಲ. 2013ರಲ್ಲಿ ದುಡ್ಡಿಲ್ಲದೆ ತಂಡ ಮುಚ್ಚಿತು. ಹತ್ತು ವರ್ಷದ ಮೇಲೆ ಟೂರ್ ಬಿಲ್ಬಾವೊದಿಂದಲೇ ಹೊರಟಾಗ ಬಾಸ್ಕ್ ಬೀದಿಗಳು ಮತ್ತೆ ಕಿಕ್ಕಿರಿದವು. ಜನ ಅಭಿಮಾನ ಇಟ್ಟದ್ದು ತಮ್ಮ ಊರಿನ ಅಂಗಿಯ ಮೇಲೆ. ಮಾಯೊ ಅದನ್ನು ಚೆನ್ನಾಗಿ ತೊಟ್ಟವರಲ್ಲೊಬ್ಬ.

ನಮ್ಮ ಉತ್ತರ ಕರ್ನಾಟಕದಲ್ಲೂ ಸವಾರರಿಗೇನು ಬರವಿಲ್ಲ, ಇಲ್ಲದಿರುವುದು ಅಂಥ ಅಂಗಿ. ವಿಜಯಪುರ, ಬಾಗಲಕೋಟೆ ಕಡೆ ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ನಡೆಯುತ್ತದೆ, ರಾಷ್ಟ್ರಮಟ್ಟದ ಪದಕಗಳೂ ಬರುತ್ತವೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು, ಬಿಸಿಲೇರುವ ಮೊದಲೇ ಕಮಲಾಪುರ ಮುಟ್ಟಿ, ಅಲ್ಲಿನ ಕೆಂಪು ಬಾಳೆಹಣ್ಣು ತಿಂದು ಮರಳುವ ಹುಡುಗರಿಗೆ ಪೊಗಾಚಾರ್‌ನ ಗೇರಿನ ಲೆಕ್ಕವೂ ಗೊತ್ತು. ವಿಜಯಪುರದ ಪದಕ ವಿಜೇತರ ಹೆಸರು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ತಪ್ಪು ಅವರದಲ್ಲ. ಪದಕ ಗೆದ್ದವರು ರೈಲ್ವೆಯದೋ ಸೇನೆಯದೋ ಅಂಗಿ ತೊಟ್ಟು ಬೇರೆ ಊರು ಸೇರುತ್ತಾರೆ. ಊರಿನ ಹೆಸರಿನ ತಂಡ ಕಟ್ಟಲು ಮಾತ್ರ ಯಾರೂ ಮುಂದೆ ಬಂದಿಲ್ಲ. ಶರ್ಯತ್ತಿನ ಬಹುಮಾನದಲ್ಲಿ ಒಂದು ಜೊತೆ ಕಾರ್ಬನ್ ಗಾಲಿಯೂ ಬರುವುದಿಲ್ಲ.