ವಿಡಿಯೋ ನೋಡಿ ಔಷಧಿ ಹೊಡೆಯೋ ಮುಂಚೆ ಕಾಮೆಂಟ್ ಓದಿ

ಮಳೆಗಾಲ ಬಂತೆಂದರೆ ಅಡಿಕೆ ಕೊಳೆರೋಗಕ್ಕೆ ಏನು ಹೊಡೀಬೇಕು ಅಂತ ನಮ್ಮ ರೈತರು ಮೊದಲು ಕೇಳೋದು ಯೂಟ್ಯೂಬನ್ನೇ. ತೋಟಗಾರಿಕೆ ಓದಿದ ನಾನೂ ನೋಡ್ತೀನಿ. ಆದರೆ ವಿಡಿಯೋ ಉಪಯೋಗಕ್ಕೆ ಬಂತೋ ಇಲ್ಲವೋ ಅಂತ ನೋಡುಗರು ತಿಳಿಸುವ ದಾರಿ ಸಾಕಷ್ಟು ಬದಲಾಗಿದೆ. ಅದನ್ನು ತಿಳಿದುಕೊಂಡರೆ ದುಡ್ಡು, ಬೆಳೆ ಎರಡೂ ಉಳಿಯುತ್ತೆ.

ಯೂಟ್ಯೂಬ್ ಶುರುವಾಗಿದ್ದು 2005ರಲ್ಲಿ. ಮೊದಮೊದಲು ವಿಡಿಯೋಗೆ ಐದು ನಕ್ಷತ್ರದ ಲೆಕ್ಕದಲ್ಲಿ ಅಂಕ ಕೊಡಬೇಕಿತ್ತು. ಬಹುತೇಕರು ಐದಕ್ಕೆ ಐದೇ ಕೊಡ್ತಿದ್ದರು. ಹಾಗಾಗಿ 2010ರಲ್ಲಿ ಲೈಕ್, ಡಿಸ್‌ಲೈಕ್ ಬಂತು. 2012ರಿಂದ ಎಷ್ಟು ಜನ ಒತ್ತಿದರು ಅನ್ನೋದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನೋದಕ್ಕೆ ಬೆಲೆ ಜಾಸ್ತಿಯಾಯ್ತು. ಅಂದರೆ ನೀವು ಸುಮ್ಮನೆ ನೋಡ್ತಾ ಕೂತರೂ ಅದು ಒಂದು ಮತವೇ. 2021ರ ನವೆಂಬರ್‌ನಲ್ಲಿ ಡಿಸ್‌ಲೈಕ್ ಸಂಖ್ಯೆಯನ್ನು ನಮ್ಮ ಕಣ್ಣಿಂದ ಮರೆ ಮಾಡಿದರು. ಈಗ ಅದು ಕಾಣೋದು ವಿಡಿಯೋ ಹಾಕಿದವರಿಗೆ ಮಾತ್ರ.

ಹೀಗಾಗಿ ನಮಗೆ ಉಳಿದಿರೋದು ಕಾಮೆಂಟ್. ಅದನ್ನೂ ಹುಷಾರಾಗಿ ಓದಬೇಕು. ಎಲ್ಲಕ್ಕಿಂತ ಮೇಲೆ ಪಿನ್ ಮಾಡಿದ್ದು ಚಾನೆಲ್‌ನವರೇ ಆರಿಸಿದ್ದು. ಬೇಡವಾದದ್ದನ್ನು ತೆಗೆದುಹಾಕೋ ಅಧಿಕಾರವೂ ಅವರಿಗಿದೆ. ಅದಕ್ಕೆ ಹೊಸ ಕಾಮೆಂಟ್ ಮೊದಲು ಬರುವಂತೆ ಬದಲಿಸಿಕೊಂಡು ಓದಿ. "ಸೂಪರ್ ಸಾರ್" ಅನ್ನೋ ನೂರು ಮಾತಿಗಿಂತ "ನಮ್ಮಲ್ಲಿ ಎಲೆ ಸುಟ್ಟಿತು" ಅನ್ನೋ ಒಂದು ಮಾತು ದೊಡ್ಡದು. ಫೋನ್ ನಂಬರ್ ಹಾಕಿ ಔಷಧಿ ಮಾರೋರನ್ನು ನಂಬಬೇಡಿ.

ಒಂದು ಉದಾಹರಣೆ ನೋಡಿ. ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಒಂದು ನಿಮಿಷದ ಶಾರ್ಟ್ಸ್‌ನಲ್ಲಿ ಇಷ್ಟು ಹೇಳಬಹುದು. ಆದರೆ ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಬೆರೆಸಬೇಕು, ಹೊಳೆಯೋ ಕಬ್ಬಿಣದ ಚಾಕು ಅದ್ದಿದಾಗ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಇನ್ನೂ ಬೇಕು ಅನ್ನೋದನ್ನು ಎಷ್ಟೋ ಸಲ ಬಿಟ್ಟಿರ್ತಾರೆ. ಅನುಭವಸ್ಥ ರೈತರು ಅದನ್ನು ಕಾಮೆಂಟ್‌ನಲ್ಲಿ ಬರೆದಿರ್ತಾರೆ. ಸಾವಯವ ಪ್ರಮಾಣಪತ್ರ ಇರೋರು ತಾಮ್ರ ಬಳಸೋ ಮುಂಚೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಯನ್ನು ಕೇಳಿಕೊಳ್ಳಿ.

ಪ್ರಶ್ನೆ ಹಾಕುವಾಗ ನಿಮ್ಮ ತಾಲೂಕು, ಮಣ್ಣು, ಗಿಡದ ವಯಸ್ಸು, ಕೊನೇ ಸಲ ಏನು ಹೊಡೆದಿರಿ ಅಂತ ಬರೀರಿ. ಹೊಸದೇನಾದ್ರೂ ಇದ್ದರೆ ಮೊದಲು ನಾಲ್ಕೈದು ಗಿಡಕ್ಕೆ ಮಾತ್ರ ಮಾಡಿ ನೋಡಿ. ಫಲಿತಾಂಶ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಅದೇ ವಿಡಿಯೋ ಕೆಳಗೆ ಎರಡು ಸಾಲು ಬರೆದುಬಿಡಿ. ಮುಂದೆ ನೋಡೋ ರೈತನಿಗೆ ಲೈಕ್‌ಗಿಂತ ಅದೇ ಹೆಚ್ಚು ಉಪಯೋಗ.