ಹೊಗೇನಕಲ್ ತೆಪ್ಪ: ತಲೆಯಿಲ್ಲ, ಬಾಲವಿಲ್ಲ, ಆದರೂ ತೇಲುವುದು ಹೇಗೆ?

ಧರ್ಮಪುರಿ: ದೋಣಿ ಎಂದರೆ ಮುಂದೆ ಮೂತಿ, ಹಿಂದೆ ಚುಕ್ಕಾಣಿ ಇರಬೇಕು ಎನ್ನುವುದು ಸಾಮಾನ್ಯ ತಿಳಿವಳಿಕೆ. ಪೆನ್ನಾಗರಂ ತಾಲ್ಲೂಕಿನ ಹೊಗೇನಕಲ್‌ಗೆ ಬಂದರೆ ಈ ತಿಳಿವಳಿಕೆ ತಲೆಕೆಳಗಾಗುತ್ತದೆ. ಇಲ್ಲಿ ಕಾವೇರಿಯ ಮೇಲೆ ಓಡಾಡುವುದು ದುಂಡನೆಯ ಬುಟ್ಟಿ. ಈಚೆ ದಡದವರು ಅದನ್ನು ಪರಿಸಲ್ ಎಂದರೆ, ಚಾಮರಾಜನಗರ ಜಿಲ್ಲೆಗೆ ಸೇರಿದ ಆಚೆ ದಡದವರು ತೆಪ್ಪ, ಹರಿಗೋಲು ಎನ್ನುತ್ತಾರೆ. ಹೆಸರು ಎರಡಾದರೂ ನೀರು ಒಂದೇ, ಅಪಾಯವೂ ಒಂದೇ.

ಈ ಬುಟ್ಟಿ ಕೇವಲ ಪ್ರವಾಸಿಗರ ಮೋಜಿನ ವಸ್ತುವಲ್ಲ. ಮೀನು ಹಿಡಿಯುವವರಿಗೆ ಅದು ಬದುಕು. ಮೆಟ್ಟೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಧರ್ಮಪುರಿಯ ನಾಗಮರೈ, ಒಟ್ಟನೂರು ಕಡೆಯಿಂದ ಸೇಲಂ ಜಿಲ್ಲೆಯ ಪಣ್ಣವಾಡಿ, ಕೋಟೆಯೂರು ಕಡೆಗೆ ಜನ ನೀರಿನ ದಾರಿಯಲ್ಲೇ ದಾಟುತ್ತಾ ಬಂದಿದ್ದಾರೆ. ಹೀಗಿರುವಾಗ ತೆಪ್ಪ ಹೇಗೆ ಕೆಲಸ ಮಾಡುತ್ತದೆ, ಯಾವಾಗ ಕೈಕೊಡುತ್ತದೆ ಎಂಬುದು ಗಡಿಭಾಗದ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ವಿಷಯ.

ಐನೂರು ವರ್ಷದ ಹಿಂದೆಯೂ ಇದೇ ಬುಟ್ಟಿ

ತೆಪ್ಪದ ವಿನ್ಯಾಸ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯಲ್ಲಿ ಜನ ಬುಟ್ಟಿಯಂತಹ ದುಂಡು ದೋಣಿಗಳಲ್ಲಿ ದಾಟುವುದನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರು, ನೇರ ಹೋಗಲಾರದೆ ಸದಾ ಸುತ್ತುತ್ತಿತ್ತು ಎಂಬುದು ಅವನ ವರ್ಣನೆಯ ಸಾರ. ಇಂದಿಗೂ ಬುಟ್ಟಿಯ ಗುಣ ಬದಲಾಗಿಲ್ಲ. ಬದಲಾಗಿರುವುದು ಹೊದಿಕೆ ಮಾತ್ರ. ಬಿದಿರಿನ ಸೀಳುಗಳನ್ನು ಅಡ್ಡಡ್ಡ ಹೆಣೆದು, ತಳಕ್ಕೆ ದಪ್ಪ ಸೀಳುಗಳ ಬಲ ಕೊಟ್ಟು, ಅಂಚನ್ನು ಬಿಗಿಯಾಗಿ ಕಟ್ಟುತ್ತಾರೆ. ಚರ್ಮದ ಜಾಗದಲ್ಲಿ ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು. ಫೈಬರ್ ತೆಪ್ಪಗಳೂ ಬಂದಿವೆ.

ತೂಕದ ಲೆಕ್ಕ

ಏಳು ಅಡಿ ಅಡ್ಡಳತೆಯ ಒಂದು ತೆಪ್ಪ ತೆಗೆದುಕೊಳ್ಳೋಣ. ಅದರ ತಳದ ವಿಸ್ತೀರ್ಣ ಸುಮಾರು ಮೂರೂವರೆ ಚದರ ಮೀಟರ್. ಅಂದರೆ ಅದು ಒಂದು ಸೆಂಟಿಮೀಟರ್ ಮುಳುಗಿದರೆ ಸುಮಾರು 35 ಕಿಲೋ ಭಾರ ಹೊರುತ್ತದೆ. ತಲಾ 60 ಕಿಲೋ ತೂಕದ ಆರು ಮಂದಿ ಕುಳಿತರೆ 360 ಕಿಲೋ. ತೆಪ್ಪ ಮುಳುಗುವುದು ಹತ್ತು ಸೆಂಟಿಮೀಟರ್, ಅಂದರೆ ನಾಲ್ಕು ಬೆರಳಿಗಿಂತ ತುಸು ಹೆಚ್ಚು! ತೆಪ್ಪದ ಸ್ವಂತ ತೂಕಕ್ಕೆ ಇನ್ನೊಂದೆರಡು ಸೆಂಟಿಮೀಟರ್ ಸೇರಿಸಿ. ಬಂಡೆಗಳ ಮೇಲೆ ಮೊಣಕಾಲಷ್ಟೇ ನೀರು ಇರುವ ಕಡೆಯೂ ಅದು ಜಾರಿ ಹೋಗುವ ಗುಟ್ಟು ಇದೇ. ಬಿದಿರು ಬಾಗುವುದರಿಂದ ಕಲ್ಲು ತಗುಲಿದರೂ ಮರದ ಹಲಗೆಯಂತೆ ಸೀಳುವುದಿಲ್ಲ. ಹಗುರವಾದ್ದರಿಂದ ಏರು ದಾರಿಯಲ್ಲಿ ತೆಪ್ಪದವರು ಅದನ್ನು ತಲೆಯ ಮೇಲೆ ಕವುಚಿಕೊಂಡು ನಡೆದುಬಿಡುತ್ತಾರೆ.

ಇದೇ ಲೆಕ್ಕದ ಇನ್ನೊಂದು ಮುಖ ಕಹಿಯಾಗಿದೆ. ಆರರ ಬದಲು ಹನ್ನೆರಡು ಜನ ಹತ್ತಿದರೆ ಮುಳುಗುವ ಆಳವೂ ಇಮ್ಮಡಿ. ನೀರಿಗೂ ಅಂಚಿಗೂ ನಡುವೆ ಉಳಿಯುವ ಎತ್ತರ ಅಷ್ಟೇ ಕಡಿಮೆ. ಆಗ ಸಣ್ಣ ಅಲೆಯೂ ಒಳಕ್ಕೆ ಬರುತ್ತದೆ.

ಸುತ್ತುವುದೇಕೆ?

ಉದ್ದನೆಯ ದೋಣಿಗೆ ನೀರೇ ದಿಕ್ಕು ಹಿಡಿದುಕೊಡುತ್ತದೆ. ದುಂಡು ತೆಪ್ಪಕ್ಕೆ ಎಲ್ಲ ದಿಕ್ಕೂ ಒಂದೇ. ಒಂದು ಬದಿಯಲ್ಲಿ ಹುಟ್ಟು ಹಾಕಿದರೆ ಮುಂದೆ ಹೋಗದೆ ಗಿರಕಿ ಹೊಡೆಯುತ್ತದೆ. ಅದಕ್ಕೇ ತೆಪ್ಪದವರು ಹೋಗಬೇಕಾದ ದಿಕ್ಕಿನ ಅಂಚಿನಲ್ಲಿ ಕುಳಿತು, ಮುಂದಿನ ನೀರನ್ನು ಎಡಕ್ಕೂ ಬಲಕ್ಕೂ ಬಳಸಿ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಇದು ವರ್ಷಗಳ ಅಭ್ಯಾಸದಿಂದ ಬರುವ ವಿದ್ಯೆ.

ಅಗಲ ತಳದಿಂದಾಗಿ ಎಲ್ಲರೂ ಕುಳಿತಿರುವಾಗ ತೆಪ್ಪ ಭದ್ರ. ಒಂದೇ ಬದಿಗೆ ನಾಲ್ಕು ಜನ ಸರಿದರೆ, ಫೋಟೋಗಾಗಿ ಎದ್ದು ನಿಂತರೆ ಆ ಭದ್ರತೆ ಹೋಯಿತು. ಇನ್ನೂ ದೊಡ್ಡ ಅಪಾಯ ಬಂಡೆಯದು. ಹರಿವು ತೆಪ್ಪವನ್ನು ಬಂಡೆಗೆ ಒತ್ತಿ ಹಿಡಿದಾಗ, ಮೇಲಿನಿಂದ ಬರುವ ನೀರು ಎದುರಿನ ಅಂಚನ್ನು ಕೆಳಕ್ಕೆ ಎಳೆಯುತ್ತದೆ. ನೀರಿನ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಮನುಷ್ಯನ ತೋಳಿನ ಬಲ ಮಾತ್ರ ಅಷ್ಟೇ ಇರುತ್ತದೆ.

ಹೀಗಾಗಿಯೇ ಕೃಷ್ಣರಾಜಸಾಗರ, ಕಬಿನಿ ಜಲಾಶಯಗಳಿಂದ ಹೆಚ್ಚು ನೀರು ಬಿಟ್ಟಾಗ ಜಿಲ್ಲಾಡಳಿತ ಪರಿಸಲ್ ಸಂಚಾರ ನಿಲ್ಲಿಸುತ್ತದೆ. ಗಡಿಯ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗ ಹರಿವನ್ನು ಅಳೆಯುತ್ತದೆ. 2024ರ ಜುಲೈನಲ್ಲಿ ಹರಿವು ಲಕ್ಷ ಕ್ಯುಸೆಕ್ ದಾಟಿದಾಗಲೂ ಹೊಗೇನಕಲ್‌ನಲ್ಲಿ ನಿಷೇಧ ಜಾರಿಯಲ್ಲಿತ್ತು. ತೆಪ್ಪ ನಿಂತರೆ ಅದನ್ನೇ ನಂಬಿದ ಮನೆಗಳ ಒಲೆಯೂ ತಣ್ಣಗಾಗುತ್ತದೆ ನಿಜ. ಆದರೆ ಆ ಹೊಳೆಗೆ ಬುಟ್ಟಿ ಸಾಟಿಯಲ್ಲ.

ಹತ್ತುವ ಮುನ್ನ ನೋಡಿ

* ಒಳತಳದಲ್ಲಿ ನೀರು ಜಿನುಗುತ್ತಿದೆಯೇ? ಡಾಂಬರು ಬಿರುಕು ಬಿಟ್ಟಿದೆಯೇ?
* ಅಂಚಿನ ಬಿದಿರು ಮುರಿದಿದೆಯೇ, ಕಟ್ಟು ಸಡಿಲವಾಗಿದೆಯೇ?
* ಎಲ್ಲರೂ ಕುಳಿತ ಮೇಲೆ ಅಂಚು ನೀರಿನಿಂದ ಸುತ್ತಲೂ ಒಂದೇ ಎತ್ತರದಲ್ಲಿದೆಯೇ?
* ಮಕ್ಕಳಿಗೂ ಸೇರಿ ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ, ಅದರ ಪಟ್ಟಿ ಬಿಗಿದಿದೆಯೇ?

ಒಂದಕ್ಕೆ ಉತ್ತರ ಸರಿಯಿಲ್ಲದಿದ್ದರೂ ಮುಂದಿನ ತೆಪ್ಪಕ್ಕೆ ಕಾಯುವುದು ಲೇಸು. ಆಚೆ ದಡ ಎಲ್ಲಿಗೂ ಹೋಗುವುದಿಲ್ಲ.